ಲಿಫ್ಟಿನವನು ಮೆಟ್ಟಿಲು ಹತ್ತಿದ ಪ್ರಸಂಗ

ಲಿಫ್ಟ್ ರಿಪೇರಿ ಮಾಡುವವನಿಗೆ ಬೆಟ್ಟ ಹತ್ತುವ ಆಸೆ ಹುಟ್ಟಬಾರದೆಂದು ಯಾವ ಕಾನೂನಿನಲ್ಲೂ ಇಲ್ಲ. ಆದರೆ ನಮ್ಮ ಮೆಕ್ಯಾನಿಕ್ಕಿಗೆ ಆ ಆಸೆ ತಾನಾಗಿ ಹುಟ್ಟಲಿಲ್ಲ, ಹೆಂಡತಿಯ ತಮ್ಮ ಹುಟ್ಟಿಸಿದ. ಈ ಬಾಮೈದ ಹೋದ ವರ್ಷ ಬೆಟ್ಟದ ಓಟದಲ್ಲಿ, ಅಂದರೆ ಬುಡದಿಂದ ನೆತ್ತಿಯವರೆಗೆ ಕಲ್ಲುಮುಳ್ಳಿನ ಕಾಲುದಾರಿಯಲ್ಲಿ ಏರುತ್ತಲೇ ಓಡುವ ಪಂದ್ಯದಲ್ಲಿ, ಓಡಿ ಮುಗಿಸಿದ್ದ. ಸಿಕ್ಕಿದ ಪದಕವನ್ನು ತಂದು ಅಕ್ಕನ ಮನೆಯ ಗೋಡೆಗೇ ನೇತುಹಾಕಿದ್ದ. (ತನ್ನ ಮನೆಗೆ ನೆಂಟರು ಬರುವುದು ಕಡಿಮೆ ಎಂಬುದು ಅವನು ಕೊಟ್ಟ ಕಾರಣ.) ಬಂದಾಗಲೆಲ್ಲ ಅದರ ಧೂಳು ಒರೆಸುತ್ತ, "ಭಾವ, ನಿಮಗಿದೆಲ್ಲ ಆಗಿಬರಲ್ಲ ಬಿಡಿ. ನಿಮ್ಮದು ಬಟನ್ ಒತ್ತಿದ್ರೆ ಮೇಲೆ ಹೋಗೋ ಜೀವನ" ಅನ್ನುತ್ತಿದ್ದ. ಹೆಂಡತಿ ನಗುತ್ತಿದ್ದಳು. ಬಾಮೈದನ ಮಾತನ್ನು ಮೆಕ್ಯಾನಿಕ್ ಹೇಗೋ ನುಂಗಿಕೊಂಡ. ಆ ನಗು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಈ ವರ್ಷ ಆ ನೆತ್ತಿಯ ಮೇಲೆ ಬಾಮೈದನಿಗಿಂತ ಮೊದಲು ನಿಂತು, ಹೆಂಡತಿಯ ಬಾಯಿಂದ ಒಂದು ಭೇಷ್ ಅನ್ನಿಸಿಕೊಳ್ಳದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ.

ಮನಸ್ಸಿನಲ್ಲೇ ಯಾಕೆಂದರೆ, ಹೆಂಡತಿಯ ಕಿವಿಗೆ ಬಿದ್ದದ್ದು ಅವಳ ತಮ್ಮನ ಫೋನು ತಲುಪಲು ಹಾಲು ಉಕ್ಕುವಷ್ಟೂ ಹೊತ್ತು ಬೇಡ. ಊರಿನಲ್ಲಿ ಗುಡ್ಡವೆಂಬುದು ಇರಲಿಲ್ಲ. ರಸ್ತೆಯ ಉಬ್ಬೇ ಅಲ್ಲಿನ ಗಿರಿಶಿಖರ. ಏರು ಅಂತ ಇದ್ದದ್ದು ತಾವಿದ್ದ ಕಟ್ಟಡದ ಮೆಟ್ಟಿಲು ಒಂದೇ, ಮನೆಯೋ ಎಂಟನೇ ಮಹಡಿಯಲ್ಲಿ. ಕೆಲಸ ಮುಗಿಸಿ ಬಂದವನು ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ, ಲಿಫ್ಟಿನ ಬಾಗಿಲ ಮುಂದೆ ಹಾದುಹೋಗಿ, ಮೆಟ್ಟಿಲು ಹತ್ತತೊಡಗಿದ. ಹತ್ತಿ ಇಳಿದು ಮತ್ತೆ ಹತ್ತಿದ. ದಿನ ಕಳೆದಂತೆ ತೊಡೆ ಗಟ್ಟಿಯಾಯಿತು, ಉಸಿರು ಹದಕ್ಕೆ ಬಂತು.

ಅವನು ಯೋಚಿಸದೆ ಬಿಟ್ಟ ಸಂಗತಿ ಒಂದೇ. ಆ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವನೂ ಅವನೇ.

ಮೊದಲು ಕಂಡವರು ಮೂರನೇ ಮಹಡಿಯ ಹಲ್ಲಿನ ಡಾಕ್ಟರು. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ.

"ಏನಪ್ಪಾ, ನೀನು ಮೆಟ್ಟಿಲಲ್ಲಿ?"

"ಸುಮ್ಮನೆ ಸಾರ್."

"ಲಿಫ್ಟ್ ಸರಿ ಇದೆ ತಾನೆ?"

"ಇದೆ ಸಾರ್. ನೀವು ಹೋಗಿ, ಏನೂ ಆಗಲ್ಲ."

ಆ 'ಏನೂ ಆಗಲ್ಲ' ಡಾಕ್ಟರಿಗೆ ರುಚಿಸಲಿಲ್ಲ. ನೋಯುವುದಿಲ್ಲ ಎಂದು ಹೇಳುತ್ತಲೇ ಹಲ್ಲು ಕೀಳುವ ವೃತ್ತಿ ಅವರದು. ಇಂಥ ಧೈರ್ಯದ ಮಾತಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಅವರೂ ಮೆಟ್ಟಿಲು ಹಿಡಿದರು. ಅವರನ್ನು ನೋಡಿ ಎರಡನೇ ಮಹಡಿಯವರು, ಅವರನ್ನು ನೋಡಿ ಆರನೇ ಮಹಡಿಯವರು. ತಾರಸಿಯ ಮೇಲೆ ಬಟ್ಟೆ ಒಣಹಾಕಲು ಹೋದ ಹೆಂಡತಿಗೂ ಸುದ್ದಿ ತಲುಪಿತು.

"ರೀ, ಆ ಲಿಫ್ಟಿಗೆ ಏನಾಗಿದೆ?"

"ಏನೂ ಆಗಿಲ್ಲ."

"ಮತ್ತೆ ನೀವ್ಯಾಕೆ ಹತ್ತಲ್ಲ?"

"ಮನಸ್ಸಾಗಲಿಲ್ಲ."

"ಮನಸ್ಸಾಗೋದಕ್ಕೆ ಅದೇನು ಸಿನಿಮಾನಾ? ಹಗ್ಗ ಸವೆದಿದೆಯಾ?"

"ಅದು ಹಗ್ಗ ಅಲ್ಲ, ಉಕ್ಕಿನ ತಂತಿ."

"ಹಾಗಾದ್ರೆ ತಂತಿ ಸವೆದಿದೆ" ಎಂದು ಅವಳು ತೀರ್ಪು ಕೊಟ್ಟಳು.

ಮೆಟ್ಟಿಲು ಸಂತೆಯಾಯಿತು. ತರಕಾರಿ ಚೀಲದವರು, ಕೂಸು ಎತ್ತಿಕೊಂಡವರು, ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಸುಧಾರಿಸಿಕೊಳ್ಳುವ ಅಜ್ಜಿಯರು. ಓಡುವುದಿರಲಿ, ನಮ್ಮವನಿಗೆ ಕಾಲಿಡಲೂ ಜಾಗವಿರಲಿಲ್ಲ. ಕೊನೆಗೆ ಡಾಕ್ಟರು ಸಭೆ ಕರೆದರು. ಲಿಫ್ಟ್ ಸರಿ ಇರುವುದೇ ನಿಜವಾದರೆ, ಜನ ಮನೆಗೆ ಬರುವ ಹೊತ್ತಿನಲ್ಲಿ ದಿನವೂ ಮೆಕ್ಯಾನಿಕ್ಕೇ ಅದರಲ್ಲಿ ಹತ್ತಿ ಇಳಿದು ತೋರಿಸಲಿ ಎಂಬ ಠರಾವು ಪಾಸಾಯಿತು. ಅವನಿಗೆ ಸಂಬಳ ಕೊಡುವ ಲಿಫ್ಟ್ ಕಂಪನಿಯೂ ಹೂಂ ಅಂದಿತು. ಇದ್ದದ್ದು ಹೇಳಿದರೆ ಬಾಮೈದನಿಗೆ ಹಬ್ಬ. ಹೀಗಾಗಿ ಪಾಪದವನು, ಓಡಬೇಕಾದ ಹೊತ್ತನ್ನೆಲ್ಲ ಆ ಕಬ್ಬಿಣದ ಡಬ್ಬಿಯೊಳಗೆ ಮುಖ ಜೋಲುಹಾಕಿಕೊಂಡು ಮೇಲೆ ಕೆಳಗೆ ಹೋಗುತ್ತ ಕಳೆದ. ಆ ಮುಖ ನೋಡಿದವರು, "ಅಯ್ಯೋ ಪಾಪ, ಜೀವಭಯ" ಎಂದುಕೊಂಡು ಮೆಟ್ಟಿಲ ಕಡೆಗೇ ನಡೆದರು. ತಿಂಗಳುಗಟ್ಟಲೆ ಇದೇ ನಡೆಯಿತು. ಕಟ್ಟಡಕ್ಕೆ ಕಟ್ಟಡವೇ ತೆಳ್ಳಗಾಯಿತು, ಅವನಿಗೊಬ್ಬನಿಗೆ ಹೊಟ್ಟೆ ಬಂತು.

ಓಟದ ದಿನ, ಬೇರೆ ಊರಿನಲ್ಲಿ ಲಿಫ್ಟ್ ಸಿಕ್ಕಿಕೊಂಡಿದೆ ಎಂದು ಹೇಳಿ ಮನೆಯಿಂದ ಹೊರಟ. ತಾನೂ ಅಮ್ಮನ ಮನೆಗೆ ಹೋಗಿಬರುತ್ತೇನೆ ಎಂದಳು ಹೆಂಡತಿ. ಬೆಟ್ಟದ ಬುಡದ ಗುಂಪಿನಲ್ಲಿ ಚಡ್ಡಿ ಬೂಟು ಹಾಕಿ ನಿಂತವನು ಪಕ್ಕಕ್ಕೆ ತಿರುಗಿದರೆ, ಬೂಟು ಹಾಕಿಕೊಂಡು ಅವಳು.

"ಬೇರೆ ಊರಿನ ಲಿಫ್ಟು ಇದೇನಾ?"

"ನಿಮ್ಮಮ್ಮನ ಮನೆ ಇದೇನಾ?"

ಪಕ್ಕದಲ್ಲಿದ್ದ ಬಾಮೈದ ನಡುವೆ ಬಂದ. "ಅಕ್ಕ ಎಂಟು ಮಹಡಿ ಹತ್ತಿ ಬಂದು, ಏದುಸಿರೂ ಬಿಡದೆ ನನ್ನನ್ನ ಬೈತಿದ್ದಳು ಭಾವ. ಇಂಥವಳನ್ನ ಬಿಡಬಾರದು ಅಂತ ಹೆಸರು ಕೊಟ್ಟೆ. ನಿಮಗೆ ಗೊತ್ತಾದ್ರೆ ನಗ್ತೀರ ಅಂತ ಅವಳೇ ಮುಚ್ಚಿಟ್ಟಳು."

ಮೊದಲ ತಿರುವಿನವರೆಗೆ ಮೂವರೂ ಒಟ್ಟಿಗಿದ್ದರು. ಆಮೇಲೆ ಅವಳು ಹೋದಳು, ಅವಳ ಹಿಂದೆ ತಮ್ಮ ಹೋದ. ನಮ್ಮವನು ಕಲ್ಲು ಸಿಕ್ಕಲ್ಲಿ ಕುಳಿತು, ಗಿಡ ಸಿಕ್ಕಲ್ಲಿ ಹಿಡಿದು ನೆತ್ತಿ ಮುಟ್ಟುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಬೆವರೂ ಒಣಗಿ ನಿಂತಿದ್ದ ಹೆಂಡತಿಯನ್ನು ಕಂಡು ಹೊಟ್ಟೆಕಿಚ್ಚಾಯಿತು, ಹಾಗೆಯೇ ಹೆಮ್ಮೆಯೂ ಆಯಿತು. ಅವಳ ಬಾಯಿಂದ ಬರಬೇಕಿದ್ದ ಭೇಷ್ ಇವನ ಬಾಯಿಂದಲೇ ಹೊರಟಿತು.

ಕಟ್ಟಡಕ್ಕೆ ಮರಳಿದಾಗ ಅವನ ಮಂಡಿ ಮಡಿಸಲು ಬರುತ್ತಿರಲಿಲ್ಲ. ಗೋಡೆ ಹಿಡಿದು ಹೋಗಿ ಲಿಫ್ಟಿನ ಬಟನ್ ಒತ್ತಿದ. ಹೆಂಡತಿ ಅವನ ಕೈ ಹಿಡಿದಳು.

"ಬೇಡಾರೀ. ಇವತ್ತು ರಜೆ, ಯಾರೂ ನೋಡ್ತಾ ಇಲ್ಲ. ಕಂಪನಿಗೋಸ್ಕರ ಇಷ್ಟು ದಿನ ಜೀವ ಪಣಕ್ಕಿಟ್ಟಿದ್ದು ಸಾಕು."

ಅವನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. "ಲಿಫ್ಟಿಗೆ ಯಾವತ್ತೂ ಏನೂ ಆಗಿರಲಿಲ್ಲ ಕಣೆ. ಈ ಓಟಕ್ಕೆ ಅಂತ ಅಭ್ಯಾಸ ಮಾಡೋಕೆ ನಾನು ಮೆಟ್ಟಿಲು ಹತ್ತಿದ್ದು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಭ್ಯಾಸ ಮಾಡಿದವರು ಓಡೋದು ಹಾಗಾ? ನಾನೇ ಕಣ್ಣಾರೆ ನೋಡಿದೆನಲ್ಲ. ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳಿ."

ಲಿಫ್ಟ್ ಬಂತು, ಬಾಗಿಲು ತೆರೆಯಿತು, ಯಾರೂ ಹತ್ತದೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಅವಳು ಬಗ್ಗಿ, ಅವನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ, ಮೊದಲ ಮೆಟ್ಟಿಲ ಮೇಲೆ ಇಟ್ಟಾಗಿತ್ತು.