ಮೂರು ದಿನದ ಫೈಲು

"ಬಾಗಿಲು ತೆಗೀರಿ! ಮೂರು ದಿನದಿಂದ ಒಳಗೆ ಕೂತು ಏನು ಮೊಟ್ಟೆಗೆ ಕಾವು ಕೊಡ್ತಿದ್ದೀರಾ?"

"ಕೂಗ್ಬೇಡ್ರೀ! ಲೆಕ್ಕ ತಪ್ಪುತ್ತೆ!"

"ಹೋದ ತಿಂಗಳೇ ತಪ್ಪಿದೆ ಕಣ್ರೀ ನಿಮ್ಮ ಲೆಕ್ಕ! ನನ್ನ ಸಂಬಳ ಎಲ್ಲಿಗೆ ಕಳಿಸಿದ್ರಿ? ಮುಚ್ಚಿ ಹೋದ ಅಕೌಂಟಿಗೆ! ಹೊಸ ನಂಬರು ಚೀಟೀಲಿ ಬರ್ದು ಕೊಟ್ಟಿದ್ನಲ್ಲ, ಆ ಚೀಟೀನ ಏನು ಕಿವಿ ಕೆರ್ಕೊಳ್ಳೋಕೆ ಇಟ್ಕೊಂಡ್ರಾ? ಬಸ್ಸಿಗೂ ಹೆಂಡತಿ ಮುಂದೆ ಕೈಚಾಚ್ತಿದ್ದೀನಿ ನಾನು!"

ಹೊರಗೆ ಬಾಗಿಲು ಗುದ್ದುತ್ತಿದ್ದವನು ಹಾಸಿಗೆ ಕಾರ್ಖಾನೆಯ ಸ್ಟೋರ್ ಕೀಪರ್. ಆರಡಿ ಆಳು. ಒಳಗೆ ಚಿಲಕ ಹಾಕಿಕೊಂಡಿದ್ದವನು ಫೈಲಪ್ಪ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಾರ್ಖಾನೆಯವರು ಇಟ್ಟದ್ದು. ಮುನ್ನೂರ ನಲವತ್ತು ಜನರ ಸಂಬಳ ಬ್ಯಾಂಕಿಗೆ ಹೋಗಬೇಕಾದರೆ ಒಂದು ಫೈಲು ತಯಾರಾಗಬೇಕು. ಆ ಫೈಲು ಮಾಡುವ ವಿದ್ಯೆ ಇಡೀ ಕಾರ್ಖಾನೆಯಲ್ಲಿ ಇವನೊಬ್ಬನಿಗೇ ಗೊತ್ತು.

ಅದೇನು ಸಾಮಾನ್ಯ ಫೈಲಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರಿಗೆ ಮೂವತ್ತೈದು ಮನೆ, ಅಕ್ಷರಕ್ಕೊಂದು. ಹೆಸರು ಹತ್ತೇ ಅಕ್ಷರದ್ದಾದರೆ ಉಳಿದ ಇಪ್ಪತ್ತೈದು ಮನೆಯನ್ನು ಎಣಿಸಿ ಖಾಲಿ ಬಿಡಬೇಕು. ಮೊತ್ತಕ್ಕೆ ಹದಿನೈದು ಮನೆ. ಎಡಕ್ಕೆಲ್ಲ ಸೊನ್ನೆ ತುಂಬಬೇಕು, ಚುಕ್ಕೆ ಇಡಬಾರದು. ಕೊನೆಯಲ್ಲಿ ಒಟ್ಟು ಎಷ್ಟು ಜನ, ಒಟ್ಟು ಎಷ್ಟು ಹಣ. ಒಂದೇ ಒಂದು ಖಾಲಿ ಮನೆ ಹೆಚ್ಚುಕಮ್ಮಿಯಾದರೂ ಬ್ಯಾಂಕಿನ ಯಂತ್ರ ಇಡೀ ಫೈಲನ್ನು ಉಗಿದು ವಾಪಸ್ ಕಳಿಸುತ್ತದೆ. ಹೀಗಾಗಿ ತಿಂಗಳಿಗೆ ಮೂರು ದಿನ ಫೈಲಪ್ಪ ಸ್ಯಾಂಪಲ್ ಹಾಸಿಗೆಗಳ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಕಾರಿಡಾರಿನಲ್ಲಿ ಯಾರೂ ಚಪ್ಪಲಿ ಸದ್ದು ಮಾಡುವಂತಿರಲಿಲ್ಲ. ಎರಡು ಗಂಟೆಗೊಮ್ಮೆ ಬಾಗಿಲ ಸಂದಿಯಿಂದ ಚಹಾ ಹೋಗುತ್ತಿತ್ತು. ಕಣ್ಣು ಹಾಳಾಗುತ್ತದೆಂದು ಸಂಬಳದ ಮೇಲೆ 'ಕಣ್ಣಿನ ಭತ್ಯೆ' ಅಂತ ಬೇರೆ ಸಿಗುತ್ತಿತ್ತು.

ಬಾಗಿಲು ತೆರೆದಾಗ ಸ್ಟೋರ್ ಕೀಪರ್ ಪಕ್ಕದಲ್ಲಿ ಯಜಮಾನರೂ ನಿಂತಿದ್ದರು. ಯಜಮಾನರಿಗೆ ಕೂಗುವ ಅಭ್ಯಾಸವಿಲ್ಲ, ಮೆಲ್ಲಗೆ ಮಾತಾಡುತ್ತಾರೆ. ಅದಕ್ಕೇ ಎಲ್ಲರಿಗೂ ಭಯ.

"ಫೈಲಪ್ಪ," ಎಂದರು ಮೆಲ್ಲಗೆ, "ನಿಮ್ಮ ಕಷ್ಟ ನೋಡೋಕಾಗ್ತಿಲ್ಲ. ಫೈಲು ಮಾಡೋಕೆ ಸಾಫ್ಟ್‌ವೇರ್ ಹಾಕಿಸ್ತಿದ್ದೀನಿ. ಆ ಕಂಪನಿಯಿಂದ ಒಬ್ಬರು ಹನ್ನೊಂದಕ್ಕೆ ಬರ್ತಾರೆ. ನಿಮ್ಮ ಪಕ್ಕದಲ್ಲೇ ಕೂತು, ನೀವು ಕೈಯಲ್ಲಿ ಹೇಗೆ ಮಾಡ್ತೀರೋ ಒಂದೊಂದನ್ನೂ ಬರ್ಕೋತಾರೆ. ಅದನ್ನೇ ಯಂತ್ರಕ್ಕೆ ಕಲಿಸ್ತಾರಂತೆ. ಫೈಲು ಮಾತ್ರ ಇವತ್ತು ನಾಲ್ಕು ಗಂಟೆಗೆ ಬ್ಯಾಂಕಿಗೆ ಹೋಗ್ಲೇಬೇಕು."

ಫೈಲಪ್ಪ ಹೆದರಿದ. ಕೆಲಸ ಹೋಗುತ್ತದೆ ಎಂಬ ಭಯ ಅಂದುಕೊಂಡರೆ ತಪ್ಪು. ಭಯ ಬೇರೆಯೇ ಇತ್ತು. ಅವನು ಕೈಯಲ್ಲಿ ಫೈಲು ಮಾಡಿ ಆರು ವರ್ಷವಾಗಿತ್ತು.

ಆರು ವರ್ಷದ ಹಿಂದೆ ಹೆಂಡತಿಯ ತಮ್ಮ ಒಂದು ಭಾನುವಾರ ಮನೆಗೆ ಬಂದವನು, ಭಾವ ಊಟ ಬಿಟ್ಟು ಖಾಲಿ ಮನೆ ಎಣಿಸುವುದನ್ನು ನೋಡಲಾರದೆ ಸಣ್ಣದೊಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಸಂಬಳದ ಪಟ್ಟಿ ತೋರಿಸಿ ಎರಡು ಸಲ ಒತ್ತಿದರೆ ಸಾಕು, ಅರ್ಧ ನಿಮಿಷದಲ್ಲಿ ಮುನ್ನೂರ ನಲವತ್ತು ಸಾಲು ಸೈನಿಕರ ಹಾಗೆ ಬಂದು ನಿಲ್ಲುತ್ತಿದ್ದವು. ಮೊದಲ ತಿಂಗಳೇ ಹೇಳಿಬಿಡಬೇಕಿತ್ತು. ಹೇಡಿ, ಹೇಳಲಿಲ್ಲ. ಎರಡನೇ ತಿಂಗಳು ಕಣ್ಣಿನ ಭತ್ಯೆ ಮಂಜೂರಾಯಿತು. ಆಮೇಲೆ ಹೇಳುವುದು ಹೇಗೆ? ಸಂಬಳದ ಪಟ್ಟಿ ಮೂರನೇ ದಿನ ಮಧ್ಯಾಹ್ನದವರೆಗೂ ಬದಲಾಗಬಹುದೆಂದು ಆಮೇಲೆಯೇ ಗುಂಡಿ ಒತ್ತುತ್ತಿದ್ದ. ಉಳಿದ ಹೊತ್ತೆಲ್ಲ ಸ್ಯಾಂಪಲ್ ಹಾಸಿಗೆ ಮೇಲೆ ನಿದ್ದೆ. ಆ ಕೋಣೆಯಲ್ಲಿ ಹದಿನಾಲ್ಕು ಬಗೆಯ ಹಾಸಿಗೆ ಇದ್ದವು. ಯಾವುದರಲ್ಲಿ ಎಂಥ ನಿದ್ದೆ ಬರುತ್ತದೆಂದು ಕೇಳಿದ್ದರೆ ಕಣ್ಣುಮುಚ್ಚಿ ಹೇಳುತ್ತಿದ್ದ.

ಯಜಮಾನರು ಅತ್ತ ಹೋದದ್ದೇ ಭಾಮೈದನಿಗೆ ಫೋನು ಮಾಡಿದ.

"ಏ, ಕೈಯಲ್ಲಿ ಫೈಲು ಮಾಡೋದು ಹೇಗೋ?"

"ನನಗೇನ್ ಗೊತ್ತು ಭಾವ? ಅವತ್ತು ನೀವೇ ತಾನೇ ನನಗೆ ಹೇಳಿಕೊಟ್ಟಿದ್ದು?"

"ಮರ್ತೋಯ್ತು ಕಣೋ! ಪಕ್ಕದಲ್ಲಿ ಕೂತು ನೋಡ್ತಾರಂತೆ. ಕಂಪ್ಯೂಟರ್ ಎಲ್ಲ ಕೆದಕಿ ನೋಡಿದ್ರೆ ಏನೋ ಗತಿ? ಆರು ವರ್ಷದ ಭತ್ಯೆ ಕಕ್ಕಿಸ್ತಾರೆ. ನಿಮ್ಮಕ್ಕನಿಗೆ ಗೊತ್ತಾದ್ರೆ..."

"ಅಕ್ಕನಿಗೂ ಹೇಳಿಲ್ವಾ? ಹೋಯ್ತು ಬಿಡಿ. ಒಂದು ಕೆಲಸ ಮಾಡಿ. ಪ್ರೋಗ್ರಾಮನ್ನ ಪೆನ್ ಡ್ರೈವಿಗೆ ಹಾಕ್ಕೊಂಡು ಕಂಪ್ಯೂಟರಿಂದ ಅಳಿಸಿಬಿಡಿ. ಹುಷಾರು ಭಾವ, ನನ್ನ ಹತ್ರ ಇನ್ನೊಂದು ಪ್ರತಿ ಇಲ್ಲ. ನನ್ನ ಹಳೇ ಮಿಷನ್ನು ಗುಜರಿಗೆ ಹೋಗಿ ಯಾವ ಕಾಲ ಆಯ್ತೋ."

ಹಾಗೇ ಮಾಡಿದ. ಪೆನ್ ಡ್ರೈವ್ ಅಂಗಿ ಜೇಬಿಗೆ ಬಿತ್ತು. ಹೆಬ್ಬೆಟ್ಟಿನಷ್ಟು ವಸ್ತು, ಜೇಬಿನಲ್ಲಿ ಕಾದ ಕೆಂಡ ಇಟ್ಟುಕೊಂಡ ಹಾಗಾಯಿತು.

ಹನ್ನೊಂದಕ್ಕೆ ಸರಿಯಾಗಿ ಬಂದದ್ದು ಐವತ್ತು ದಾಟಿದ ಹೆಂಗಸು. ಶೀಸೆಯ ತಳದಷ್ಟು ದಪ್ಪ ಕನ್ನಡಕ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್. ಹೊಲಿಗೆ ವಿಭಾಗದವರು ಆಕೆ ಮೆಟ್ಟಿಲು ಹತ್ತುವುದರೊಳಗೇ 'ಸಾಫ್ಟ್‌ವೇರಮ್ಮ' ಎಂದು ಹೆಸರಿಟ್ಟಾಗಿತ್ತು. ಆಕೆ ಕುರ್ಚಿ ಎಳೆದುಕೊಂಡು ಫೈಲಪ್ಪನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಳು.

"ನಾನು ಇಲ್ಲಿಲ್ಲ ಅಂದ್ಕೊಂಡು ಮಾಡಿ."

ಫೈಲಪ್ಪ ಗಂಟಲು ಸರಿಮಾಡಿಕೊಂಡ. ಕಿವಿ ಕೆರೆದುಕೊಂಡ. ಆಕೆ ಬರೆದುಕೊಂಡಳು.

"ಕಿವಿ ಯಾಕೆ ಕೆರೆದ್ರಿ? ಅದೂ ಇದರಲ್ಲಿ ಬರುತ್ತಾ?"

"ಇ... ಇಲ್ಲ. ಅದು ನನ್ನ ಸ್ವಂತದ್ದು."

ಆಕೆ ಬರೆದದ್ದನ್ನು ಹೊಡೆದುಹಾಕಿದಳು. "ಮೊದಲೆರಡು ದಿನ ಎಷ್ಟು ಸಾಲು ಮುಗಿಸಿದ್ದೀರಿ? ಸ್ವಲ್ಪ ತೋರಿಸಿ."

ಫೈಲಪ್ಪ ಮೂಲೆ ಕಡೆ ನೋಡಿದ. ಮೊದಲೆರಡು ದಿನದ ಕೆಲಸವೆಂದು ತೋರಿಸಬಹುದಾಗಿದ್ದದ್ದು ಒಂದೇ: ಮೂಲೆಯ ಸ್ಪ್ರಿಂಗ್ ಹಾಸಿಗೆಯ ನಡುವೆ ಬಿದ್ದಿದ್ದ ಮನುಷ್ಯಾಕಾರದ ತಗ್ಗು.

"ಮೊದಲೆರಡು ದಿನ ಬರೀ ಮನಸ್ಸಿನಲ್ಲಿ ಮಾಡ್ಕೋತೀನಮ್ಮ," ಎಂದ, "ಬರೆಯೋದು ಮೂರನೇ ದಿನ."

ಆಕೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅದನ್ನೂ ಬರೆದುಕೊಂಡಳು.

ಶುರುವಾಯಿತು ಯಮಯಾತನೆ. ಮೊದಲ ಹೆಸರು ಟೈಪ್ ಹೊಡೆದು ಖಾಲಿ ಮನೆ ಎಣಿಸಿದ. ಹದಿನೆಂಟಕ್ಕೆ ಬಂದಾಗ ಆಕೆ ಕೆಮ್ಮಿದಳು, ಎಣಿಕೆ ಹೋಯಿತು. ಮತ್ತೆ ಎಣಿಸಿದ. ಸೊನ್ನೆ ಎಡಕ್ಕೋ ಬಲಕ್ಕೋ ಮರೆತು ಬಲಕ್ಕೆ ತುಂಬಿದ. ಕಸ ಗುಡಿಸುವವನ ಸಂಬಳ ಇಡೀ ಕಾರ್ಖಾನೆಯನ್ನೇ ಕೊಂಡುಕೊಳ್ಳುವಷ್ಟಾಯಿತು.

"ಇವರಿಗೆ ಯಾವಾಗ್ಲೂ ಇಷ್ಟೇ ಸಂಬಳಾನಾ?" ಆಕೆ ಕೇಳಿದಳು.

"ಈ ತಿಂಗಳು ಓವರ್‌ಟೈಮ್ ಜಾಸ್ತಿ," ಎಂದು ಬಾಯಿ ತಪ್ಪಿ ಅಂದುಬಿಟ್ಟ. ಆಮೇಲೆ ಅಳಿಸಿದ.

ಊಟದ ಬಿಡುವಿನಲ್ಲಿ ಕಾರಿಡಾರಿನ ಕಡೆಯ ಕಿಟಕಿ ತುಂಬ ತಲೆಗಳು. ಹೊಲಿಗೆಯ ಹೆಂಗಸರು ಬುತ್ತಿ ಹಿಡಿದುಕೊಂಡೇ ನೋಡುತ್ತಿದ್ದರು.

"ಅಯ್ಯೋ ಪಾಪ, ಮುಖ ನೋಡೇ, ಹೆರಿಗೆ ನೋವು ತಿಂದಂಗೆ ತಿಂತಿದ್ದಾನೆ!"

"ಇದಕ್ಕೇ ಕಣೇ ಭತ್ಯೆ ಕೊಡೋದು."

"ಭತ್ಯೆನಾ?" ಹಿಂದಿನಿಂದ ಸ್ಟೋರ್ ಕೀಪರ್ ಗುಡುಗಿದ. "ನಾನು ಹನ್ನೊಂದರಿಂದ ಎಣಿಸ್ತಿದ್ದೀನಿ. ಒಂಬತ್ತು ಸಾಲಾಗಿದೆ! ಈ ಲೆಕ್ಕದಲ್ಲಿ ಹೋದ್ರೆ ನನ್ನ ಸಂಬಳ ನನ್ನ ಮೊಮ್ಮಕ್ಕಳು ತಗೋಬೇಕು!"

ಫೈಲಪ್ಪ ಎದ್ದು ಕಿಟಕಿ ಮುಚ್ಚಿದ. ಅವಸರದಲ್ಲಿ ಚಿಲಕ ಸರಿಯಾಗಿ ಬೀಳಲಿಲ್ಲ. ಗೋಡೆ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಒಂದೂವರೆ ಗಂಟೆಯಲ್ಲಿ ಮುನ್ನೂರ ಮೂವತ್ತೊಂದು ಸಾಲು. ನಾಳೆ ಸಂಬಳ ಬರದಿದ್ದರೆ ಈ ಹೆಂಗಸರೇ ಸೂಜಿ ಹಿಡಿದುಕೊಂಡು ಬರುತ್ತಾರೆ. ನನ್ನನ್ನೇ ಹಾಸಿಗೆಯೊಳಗೆ ಹಾಕಿ ಹೊಲಿಯುತ್ತಾರೆ ಅನ್ನಿಸಿತು.

"ಅಮ್ಮಾ," ಎಂದ. ಕೈ ಮುಗಿದ. "ನನ್ನನ್ನ ಕಾಪಾಡಿ."

ಜೇಬಿನಿಂದ ಪೆನ್ ಡ್ರೈವ್ ತೆಗೆದು ಸಿಕ್ಕಿಸಿ ಎರಡು ಸಲ ಒತ್ತಿದ. ಅರ್ಧ ನಿಮಿಷ. ಸಾಲುಗಳೆಲ್ಲ ಒಂದರ ಕೆಳಗೊಂದು, ಒಂದು ಕೂದಲೂ ಆಚೀಚೆ ಇಲ್ಲದೆ ಬಂದು ನಿಂತವು. ಕೊನೆಯಲ್ಲಿ ಒಟ್ಟು ಮೊತ್ತ. ಎಲ್ಲ ಹೇಳಿಬಿಟ್ಟ: ಭಾಮೈದ, ಭತ್ಯೆ, ಹದಿನಾಲ್ಕು ಬಗೆಯ ಹಾಸಿಗೆ.

ಸಾಫ್ಟ್‌ವೇರಮ್ಮ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಒಂದು ಸಾಲಿನ ಖಾಲಿ ಮನೆಗಳನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ ನೋಟ್‌ಬುಕ್ ಮುಚ್ಚಿದಳು.

"ನೀವು ಹೇಳಿದ್ರಿ, ನಾನೂ ಹೇಳ್ತೀನಿ. ನಮ್ಮ ಕಂಪನೀಲಿ ಸಾಫ್ಟ್‌ವೇರ್ ಇಲ್ಲ."

"ಹ್ಞಾಂ?"

"ಬೋರ್ಡು ಇದೆ. ಸಾಫ್ಟ್‌ವೇರ್ ಇಲ್ಲ. ಹಿಂದಿನ ಹಾಲಿನಲ್ಲಿ ಇಪ್ಪತ್ತು ಜನ ಹೆಂಗಸರು ಕೂತು ಕೈಯಲ್ಲೇ ಟೈಪ್ ಹೊಡೀತೀವಿ. ಹನ್ನೆರಡು ಕಂಪನಿಗಳ ಫೈಲು. ಯಂತ್ರ ಮಾಡ್ತು ಅಂತ ಹೇಳಿ ನಮ್ಮ ಯಜಮಾನ ಕಳಿಸ್ತಾನೆ. ಇಲ್ಲಿ ನಿಮ್ಮೊಬ್ಬರ ಕೈಯಲ್ಲೇ ಮೂರು ದಿನಕ್ಕೆ ಆಗುತ್ತೆ ಅಂತ ಕೇಳಿ, ಅದರ ಗುಟ್ಟು ಕಲ್ತು ಬಾ ಅಂತ ನನ್ನನ್ನ ಕಳಿಸಿದ್ದು. ನನ್ನ ಕನ್ನಡಕ ನೋಡಿ. ಇದಕ್ಕೆ ನನಗೆ ಯಾವ ಭತ್ಯೆನೂ ಇಲ್ಲ."

ಫೈಲಪ್ಪನಿಗೆ ನಗು ಬಂತು. ಆರು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು. "ಹಾಗಾದ್ರೆ ನಿಮ್ಮ ಜುಟ್ಟು ನನ್ನ ಕೈಲಿ, ನನ್ನ ಜುಟ್ಟು ನಿಮ್ಮ ಕೈಲಿ! ಈ ಕೆಲಸ ಯಂತ್ರದಿಂದ ಆಗಲ್ಲ, ಈ ಮನುಷ್ಯನ ಕೈಯೇ ಬೇಕು ಅಂತ ಬರೆದುಬಿಡಿ ಅಮ್ಮ. ಇಬ್ರೂ ಬದುಕೋಣ."

"ಬರೀತೀನಿ," ಎಂದಳು ಆಕೆ. ಕಣ್ಣು ಮಾತ್ರ ಪೆನ್ ಡ್ರೈವಿನ ಮೇಲೇ ಇತ್ತು.

ಅಷ್ಟರಲ್ಲಿ ಕಿಟಕಿ ಧಡಾರನೆ ತೆರೆದುಕೊಂಡಿತು. "ಸಿಕ್ಕಿಬಿದ್ದ! ಸಾರ್, ಬನ್ನಿ ಸಾರ್! ಜೇಬಿಂದ ಏನೋ ತೆಗೆದು ಕಂಪ್ಯೂಟರಿಗೆ ಚುಚ್ಚಿದ್ದಾನೆ! ನಮ್ಮ ಅಕೌಂಟ್ ನಂಬರೆಲ್ಲ ಕದೀತಿದ್ದಾನೆ!" ಸ್ಟೋರ್ ಕೀಪರ್ ಕೂಗು ಮೂರನೇ ಮಹಡಿಗೂ ಕೇಳಿಸಿತು.

ಕಾರಿಡಾರಿನಲ್ಲಿ ಕಾಲ ಸಪ್ಪಳ. ಫೈಲಪ್ಪ ಪೆನ್ ಡ್ರೈವ್ ಕಿತ್ತ, ಅದರಲ್ಲೇ ಇದ್ದ ಹೊಸ ಫೈಲೂ ಪರದೆಯಿಂದ ಮಾಯವಾಯಿತು. ಎಲ್ಲಿಡಬೇಕು? ಬಾಯಲ್ಲೇ ಇಟ್ಟುಕೊಳ್ಳಲು ಹೊರಟಿದ್ದ. ಸಾಫ್ಟ್‌ವೇರಮ್ಮ ಅಂಗೈ ಚಾಚಿದಳು. "ಕೊಡಿ. ನನ್ನನ್ನ ಯಾರು ಹುಡುಕ್ತಾರೆ?" ಕೊಟ್ಟ. ಆಕೆ ಅದನ್ನು ಕನ್ನಡಕದ ಡಬ್ಬಿಗೆ ಹಾಕಿ ಟಪ್ಪನೆ ಮುಚ್ಚಿದಳು.

ಯಜಮಾನರು ಒಳಗೆ ಬಂದರು. "ಜೇಬು ತೋರಿಸಿ ಫೈಲಪ್ಪ." ಮೆಲ್ಲಗೆ.

ಜೇಬಿನಿಂದ ಬಂದದ್ದು ಎರಡು ಬಸ್ ಟಿಕೆಟ್, ಒಂದು ಬಾಚಣಿಗೆ, ಕಿವಿಗೆ ತುರುಕಿಕೊಳ್ಳುವ ಹತ್ತಿ ಉಂಡೆ ಎರಡು. ಕಂಪ್ಯೂಟರಿನಲ್ಲಿ ಒಂಬತ್ತು ಸಾಲು, ಮತ್ತೇನೂ ಇಲ್ಲ. ಸ್ಟೋರ್ ಕೀಪರನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು.

"ಹತ್ತಿ ಯಾಕ್ರೀ?"

"ಏಕಾಗ್ರತೆಗೆ ಸಾರ್," ಎಂದ ಫೈಲಪ್ಪ. ಗೆದ್ದವನ ದನಿ.

"ಇಲ್ಲಿ ಸಿಗ್ನಲ್ ಸಿಗ್ತಿಲ್ಲ," ಎಂದು ಸಾಫ್ಟ್‌ವೇರಮ್ಮ ಎದ್ದಳು. "ಒಂದು ಫೋನ್ ಮಾಡಿ ಬರ್ತೀನಿ." ಫೈಲಪ್ಪನ ಕಡೆ ನೋಡಿ ತಲೆಯಾಡಿಸಿ ಹೊರಗೆ ನಡೆದಳು. ಯಜಮಾನರೂ ಸ್ಟೋರ್ ಕೀಪರೂ ಹಿಂದೆಯೇ ಹೋದರು.

ಒಂದು ನಿಮಿಷವಾಯಿತು. ಐದಾಯಿತು. ಫೈಲಪ್ಪ ಬಾಗಿಲ ಕಡೆ ನೋಡುತ್ತ, ಸುಮ್ಮನಿರಲಾರದೆ ಹತ್ತನೇ ಸಾಲು ಹೊಡೆದ. ಮೂರು ಗಂಟೆ. ಹೆಣ್ಣುಮಗಳು, ಫೋನಿನಲ್ಲಿ ಮಾತು ಉದ್ದ ಇರಬಹುದು ಎಂದುಕೊಂಡ. ಮೂರೂಕಾಲು. ಹನ್ನೊಂದನೇ ಸಾಲು. ಮೂರೂವರೆಗೆ ಅನುಮಾನ ಶುರುವಾಯಿತು. ಮಾಡಿದ ಫೈಲೂ ಆ ಪೆನ್ ಡ್ರೈವಿನೊಳಗೇ ಇದೆ, ಮಾಡುವ ಪ್ರೋಗ್ರಾಮೂ ಅದರೊಳಗೇ. ಹೋಗಿ ಹುಡುಕೋಣವೆಂದರೆ, ಯಾಕೆ ಹುಡುಕುತ್ತೀಯ ಅಂತ ಯಾರಾದರೂ ಕೇಳಿದರೆ? ಕೂತಲ್ಲೇ ಕೂತ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಯಜಮಾನರು ನಗುತ್ತ ಬಂದರು. ಯಜಮಾನರು ನಕ್ಕದ್ದನ್ನು ಫೈಲಪ್ಪ ಎಂದೂ ನೋಡಿರಲಿಲ್ಲ, ಇನ್ನಷ್ಟು ಹೆದರಿದ.

"ಬಿಡಿ ಬಿಡಿ, ಕೈ ಎತ್ತಿ ಕೀಬೋರ್ಡಿಂದ! ಆ ಕಂಪನಿಯವರು ಫೈಲು ಕಳಿಸಿಯೇಬಿಟ್ರು. ಎರಡು ಬೀದಿ ಆಚೆ ಆಫೀಸು. ನಿಮ್ಮನ್ನ ನೋಡಿ ಬರ್ಕೊಂಡು ಹೋಗಿದ್ದೇ ತಡ, ಅವರ ಸಾಫ್ಟ್‌ವೇರು ಅರ್ಧ ನಿಮಿಷಕ್ಕೆ ಮಾಡ್ತಂತೆ. ಬ್ಯಾಂಕಿನವರು ಒಂದು ತಕರಾರಿಲ್ಲದೆ ತಗೊಂಡ್ರು!"

"ಸಾರ್, ಅದು..." ಫೈಲಪ್ಪ ಎದ್ದು ನಿಂತ. ಅದು ನನ್ನದು ಎನ್ನಬೇಕು. ನನ್ನದು ಎಂದರೆ ಆರು ವರ್ಷದಿಂದ ಎಲ್ಲಿತ್ತು ಎನ್ನುತ್ತಾರೆ. "ಅದು... ಒಳ್ಳೇದಾಯ್ತು ಸಾರ್."

"ನಿಮ್ಮ ಕೆಲಸ ಹೋಗುತ್ತೆ ಅಂತ ಹೆದರ್ಕೋಬೇಡಿ. ಆಯಮ್ಮ ನಿಮ್ಮನ್ನ ಬಹಳ ಹೊಗಳಿ ಬರ್ದಿದ್ದಾರೆ. ಯಂತ್ರವನ್ನ ಪೂರ್ತಿ ನಂಬೋಕಾಗಲ್ಲವಂತೆ. ಪ್ರತಿ ತಿಂಗಳು ಕೈಯಲ್ಲಿ ಮಾಡಿದ ಇನ್ನೊಂದು ಫೈಲು ಪಕ್ಕದಲ್ಲಿಟ್ಟು ಹೋಲಿಸಿ ನೋಡ್ಲೇಬೇಕಂತೆ. ಹಾಗೆ ಮಾಡೋ ಕೈ ಇರೋದು ನಿಮ್ಮೊಬ್ಬರದ್ದೇ ಅಂತೆ. ಇನ್ನು ಮೇಲೆ ಈ ಕತ್ತಲೆ ಕೋಣೆ ಬೇಡ. ಸ್ಟೋರಿನಲ್ಲಿ ನಿಮಗೆ ಟೇಬಲ್ ಹಾಕಿಸಿದ್ದೀನಿ, ಸ್ಟೋರ್ ಕೀಪರ್ ಎದುರಿಗೇ. ಬೆಳಕು ಚೆನ್ನಾಗಿದೆ. ಅಲ್ಲಿ ಕಣ್ಣಿಗೆ ತೊಂದರೆ ಇಲ್ಲ, ಭತ್ಯೆ ನಿಲ್ಲಿಸಿದ್ದೀನಿ."

ಬಾಗಿಲಲ್ಲಿ ಸ್ಟೋರ್ ಕೀಪರ್ ನಿಂತಿದ್ದ. "ಬನ್ನಿ ಫೈಲಪ್ಪನೋರೇ. ಎಣಿಸೋಕೆ ನಾನೂ ಸಹಾಯ ಮಾಡ್ತೀನಿ."

ಫೈಲಪ್ಪ ಇಬ್ಬರನ್ನೂ ಸರಿಸಿಕೊಂಡು ಮೆಟ್ಟಿಲು ಇಳಿದ. ಹತ್ತಿ ಹಾರುವ ಅಂಗಳ ದಾಟಿ ಗೇಟಿನವರೆಗೆ ಓಡಿದ. ಏದುಸಿರು ಬಿಡುತ್ತ ಕಾವಲುಗಾರನನ್ನು ಕೇಳಿದ, "ಆ ಕನ್ನಡಕದಮ್ಮ?"

"ಆಗ್ಲೇ ಹೋದ್ರಲ್ಲ ಅಣ್ಣ. ಹೊರಗೆ ಹೋಗೋ ಟೈಮು ಬರೆದು ಸಹಿ ಹಾಕಿ ಅಂತ ಕೂಗ್ದೆ. ಓಡ್ತಾನೇ ಇದ್ರು. ಆ ವಯಸ್ಸಲ್ಲಿ ಅಷ್ಟು ಜೋರಾಗಿ ಓಡೋರನ್ನ ನಾನು ನೋಡೇ ಇಲ್ಲ. ಒಂದು ಸಲಾನೂ ತಿರುಗಿ ನೋಡ್ಲಿಲ್ಲ."