ತಂಗಿಯ ಮದುವೆಗೆ ನಾನು ಮಾಡಿಸಿದ ರಿಸೆಪ್ಷನ್

ಪ್ರತಿ ಓಣಿಯಲ್ಲೂ ಎಲ್ಲ ಬಲ್ಲವನೊಬ್ಬ ಇರುತ್ತಾನೆ. ಅವನಿಗೆ ಎಲ್ಲ ಗೊತ್ತಿಲ್ಲ ಎಂಬುದು ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುತ್ತದೆ. ಎಂಬತ್ತರ ದಶಕದ ನಡುವಿನಲ್ಲಿ ಆಳಂದದ ನಮ್ಮ ಓಣಿಯಲ್ಲಿ ಆ ಪದವಿ ನನ್ನದಾಗಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ ಎಂಬುದಷ್ಟೇ ಅದಕ್ಕೆ ಕಾರಣ. ಯಾರ ಮನೆಗೆ ತಾರು, ಅಂದರೆ ಟೆಲಿಗ್ರಾಂ, ಬಂದರೂ ನನ್ನ ಹತ್ತಿರ ಬರುತ್ತಿತ್ತು, ಔಷಧದ ಬಾಟಲಿಯ ಮೇಲಿನ ಚೀಟಿ ಓದಬೇಕಾದರೂ ನಾನೇ ಬೇಕಿತ್ತು. ಒಮ್ಮೆ ಎದುರುಮನೆಯ ಅಜ್ಜನ ಹೊಟ್ಟೆನೋವಿನ ಔಷಧವನ್ನು ಹೊಟ್ಟೆಯ ಮೇಲೆ ಹಚ್ಚಿಕೊಳ್ಳಬೇಕೆಂದು ಓದಿ ಹೇಳಿದ್ದೆ. ಅಜ್ಜ ಮೂರು ದಿನ ಹಚ್ಚಿಕೊಂಡ. ನೋವು ಹೋಯಿತು. ಹೀಗಾಗಿ ನನ್ನ ಇಂಗ್ಲಿಷಿನ ಮೇಲೆ ಓಣಿಗೂ ನನಗೂ ಇದ್ದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಅಂಥ ದಿನಗಳಲ್ಲಿ ನನ್ನ ತಂಗಿ ಕಮಲಾಳ ಮದುವೆ ಅಫಜಲಪುರದ ಹುಡುಗನ ಜೊತೆ ಗೊತ್ತಾಯಿತು. ನಾವು ಸಣ್ಣವರಿದ್ದಾಗಲೇ ಅಪ್ಪ ಅವ್ವ ಹೋಗಿದ್ದರು. ನಮ್ಮಿಬ್ಬರನ್ನೂ ಮಾದನಹಿಪ್ಪರಗಾಕ್ಕೆ ಕರೆದುಕೊಂಡು ಹೋಗಿ ಸಾಕಿ, ಓದಿಸಿ, ನನಗೆ ನೌಕರಿ ಸಿಕ್ಕ ದಿನ ಇಡೀ ಊರಿಗೆ ಸಕ್ಕರೆ ಹಂಚಿದವರು ದೊಡ್ಡಪ್ಪ ಮತ್ತು ದೊಡ್ಡವ್ವ. ದೊಡ್ಡಪ್ಪ ಮಾತು ಕಡಿಮೆಯ ಮನುಷ್ಯ. ಸಿಟ್ಟು ಬಂದರೆ ಅದೂ ನಿಂತುಬಿಡುತ್ತಿತ್ತು. ಹುಡುಗನನ್ನು ನೋಡಿದ್ದು, ಒಪ್ಪಿದ್ದು, ಮಾತುಕತೆ ಮುಗಿಸಿದ್ದು ಎಲ್ಲ ಅವರೇ. ನನ್ನ ಪಾಲಿಗೆ ಉಳಿದದ್ದು ಬೀಗರ ಒಂದು ಪತ್ರ. ಬೀಗರು ನಿವೃತ್ತ ಪೋಸ್ಟ್ ಮಾಸ್ತರರು, ಕನ್ನಡದ ನಡುನಡುವೆ ಇಂಗ್ಲಿಷ್ ಶಬ್ದ ಪೋಣಿಸುವ ಹವ್ಯಾಸದವರು. ‘ಸೋಮವಾರ ಬೆಳಿಗ್ಗೆ ಮುಹೂರ್ತದ ಅಕ್ಕಿಕಾಳು. ರವಿವಾರ ಸಂಜೆ ಐದು ಗಂಟೆಗೆ ರಿಸೆಪ್ಷನ್. ನಮ್ಮ ಕಡೆಯವರು ಎಪ್ಪತ್ತು ಮಂದಿ. ವ್ಯವಸ್ಥೆ ಸರಿಯಾಗಿರಲಿ’ ಎಂದು ಬರೆದಿದ್ದರು.

ಮನೆಮಂದಿ ನನ್ನ ಮುಖ ನೋಡಿದರು. ಆಗ ನಮ್ಮ ಕಡೆ ಮದುವೆ ಎಂದರೆ ಹಂದರ, ಅಕ್ಕಿಕಾಳು, ಬೆಲ್ಲದ ಗೋಧಿ ಹುಗ್ಗಿಯ ಊಟ. ರಿಸೆಪ್ಷನ್ ಎಂಬುದನ್ನು ಯಾರೂ ಕಂಡವರಲ್ಲ. ನಾನು ಗುಲಬರ್ಗಾದಲ್ಲಿ ಸಹೋದ್ಯೋಗಿಯೊಬ್ಬರ ಮಗನ ಮದುವೆಯಲ್ಲಿ ಒಂದನ್ನು ಕಂಡಿದ್ದೆ. ಕಂಡಿದ್ದೆ ಎಂದರೆ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ವರನ ಕೈ ಕುಲುಕಿ, ತಾಟು ಹಿಡಿದು ಇನ್ನೊಂದು ಸಾಲಿನಲ್ಲಿ ನಿಂತಿದ್ದೆ. ಅಷ್ಟು ಅನುಭವ ಸಾಕಾಯಿತು. ‘ಸ್ಟೇಜ್ ಬೇಕು, ಅದರ ಮೇಲೆ ರಾಜಾರಾಣಿ ಕುರ್ಚಿ ಬೇಕು, ಲೈಟಿಂಗ್ ಬೇಕು, ಊಟ ನಿಂತು ಮಾಡಬೇಕು’ ಎಂದು ಘೋಷಿಸಿದೆ. ಕಮಲಾ ನಾಚಿ ಒಳಗೆ ಹೋದಳು. ನನ್ನ ಹೆಂಡತಿ ಮಾತ್ರ, ‘ಬೀಗರು ಅಷ್ಟೆಲ್ಲ ಬರ್ದಾರೇನ್ರಿ? ನನಗ ಒಂದ ಶಬ್ದ ಕಾಣಸ್ತದ’ ಎಂದಳು. ಒಂದೇ ಶಬ್ದದಲ್ಲಿ ಅಷ್ಟೆಲ್ಲ ಅರ್ಥ ಇರುವುದೇ ಇಂಗ್ಲಿಷಿನ ಹೆಚ್ಚುಗಾರಿಕೆ ಎಂದು ಅವಳಿಗೆ ತಿಳಿಸಿಹೇಳಿದೆ.

ಹಂದರ ಮತ್ತು ದೀಪದ ಕೆಲಸ ಖಾಜಾಸಾಬನಿಗೆ ಒಪ್ಪಿಸಿದೆ. ಆಳಂದದಲ್ಲಿ ಮದುವೆ ಯಾರದೇ ಆಗಲಿ, ಶಾಮಿಯಾನ ಅವನದೇ. ‘ಫಿಕರ್ ಮಾಡಬ್ಯಾಡ್ರಿ ಮಾಸ್ತರ, ಗುಲಬರ್ಗಾದವರು ಬಂದು ನೋಡಬೇಕು, ಹಂಗ ಮಾಡ್ತೇನಿ’ ಎಂದ. ರಾಜಾರಾಣಿ ಕುರ್ಚಿಗಾಗಿ ಜೇವರ್ಗಿಯ ತನಕ ಹೋಗಿ, ಅಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯೊಂದರಿಂದ ಸಿಂಹಾಸನ ಕೇಳಿ ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಬಂದ. ಕೆಂಪು ಮಖಮಲ್ಲಿನ, ಕೈಗೊಂದು ಸಿಂಹದ ಮುಖವಿದ್ದ ಭರ್ಜರಿ ಸಿಂಹಾಸನ. ಆದರೆ ಒಂದೇ ಇತ್ತು. ಇನ್ನೊಂದೆಲ್ಲಿ ಎಂದು ಕೇಳಿದರೆ, ‘ನಾಟಕದಾಗ ರಾಜಾ ಒಬ್ಬನ ಅದಾನಂತ್ರಿ. ರಾಣಿ ಬಾಜೂಕ ನಿಂತಿರ್ತಾಳಂತ’ ಎಂದ. ನನ್ನ ತಂಗಿ ನಿಂತಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಖಾಜಾಸಾಬ ತನ್ನ ದೋಸ್ತನ ಕ್ಷೌರದ ಅಂಗಡಿಯಿಂದ ತಿರುಗುವ ಕುರ್ಚಿಯೊಂದನ್ನು ತಂದು ಕೆಂಪು ಬಟ್ಟೆ ಹೊಚ್ಚಿದ. ಪರೀಕ್ಷೆಗೆಂದು ನನ್ನ ಹೆಂಡತಿಯನ್ನು ಕೂಡ್ರಿಸಿದೆವು. ಕುರ್ಚಿ ಸಾವಕಾಶ ತಿರುಗಿ ಅವಳ ಮುಖ ಹಿಂದಿನ ಪರದೆಯ ಕಡೆಗಾಯಿತು. ಅವಳು ಅಲ್ಲಿಂದಲೇ, ‘ಮಂದಿ ಎಲ್ಲಿ ಕುಂಡ್ರತಾರ್ರಿ?’ ಎಂದು ಕೇಳಿದಳು. ಕೆಳಗೆ ಎರಡು ಕಲ್ಲು ಕೊಟ್ಟು ಅದನ್ನು ಸ್ಥಿರಗೊಳಿಸಬೇಕಾಯಿತು.

ತೊಡಕು ಬಂದದ್ದು ಊಟದ ವಿಷಯದಲ್ಲಿ. ಮದುವೆಗೆ ಮೂರು ದಿನ ಮೊದಲೇ ದೊಡ್ಡಪ್ಪ ದೊಡ್ಡವ್ವ ಮಾದನಹಿಪ್ಪರಗಾದಿಂದ ಬಂದಿಳಿದರು. ಜೊತೆಗೆ ನಾಲ್ಕು ಬುಟ್ಟಿ ಕಡಕ್ ಜೋಳದ ರೊಟ್ಟಿ. ದೊಡ್ಡವ್ವ ಊರ ಹೆಂಗಸರನ್ನು ಕೂಡಿಸಿಕೊಂಡು ವಾರವಿಡೀ ಬಡಿದ ರೊಟ್ಟಿ ಅವು, ಹಪ್ಪಳದಷ್ಟು ತೆಳ್ಳಗೆ. ರವಿವಾರ ಸಂಜೆಯ ಊಟ ನಿಂತು ಮಾಡುವುದೆಂದು ದೊಡ್ಡಪ್ಪನಿಗೆ ಹೇಳಿದೆ. ಅವರು ಬಯ್ಯಲಿಲ್ಲ. ಒಳಗೆ ಹೋಗಿ ಒಂದು ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದಿಷ್ಟು ಹಿಂಡಿ ಚಟ್ನಿ ಹಾಕಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟರು.

‘ನಿಂತು ಉಣ್ಣು ತಮ್ಮಾ, ನೋಡೂಣು’ ಎಂದರು.

ಎಡಗೈಯಲ್ಲಿ ತಾಟು ಹಿಡಿದು ಬಲಗೈಯಿಂದ ರೊಟ್ಟಿ ಮುರಿಯಹೋದೆ. ಕಡಕ್ ರೊಟ್ಟಿ ಒಂದು ಕೈಗೆ ಬಗ್ಗುವಂಥದ್ದಲ್ಲ. ಹೆಬ್ಬೆರಳಿಂದ ಒತ್ತಿದೆ, ರೊಟ್ಟಿ ಟಪ್ಪನೆ ಸಿಡಿದು ಅರ್ಧ ಅಂಗಳಕ್ಕೆ ಹಾರಿತು, ಜೊತೆಗೆ ಒಂದು ಬದನೆಕಾಯಿಯೂ ಹೋಯಿತು. ಗೋಡೆಯ ಮೇಲಿನ ಕಾಗೆ ಇಳಿದು ಬಂತು.

‘ಮೂರನೇ ಕೈ ಎಲ್ಲಿಂದ ತರ್ತಿ?’ ಎಂದು ದೊಡ್ಡಪ್ಪ ಕೇಳಿದರು.

ಅಲ್ಲಿಗೆ ನಾನು ಸೋಲೊಪ್ಪಿ ಕೈಮುಗಿದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಇಂಗ್ಲಿಷ್ ಮಾಸ್ತರನ ಬುದ್ಧಿ. ‘ಹಂಗಾದ್ರ ರವಿವಾರ ರೊಟ್ಟಿನ ಬ್ಯಾಡ ಬಿಡ್ರಿ. ಪೂರಿ, ಪಲಾವು, ಜಾಮೂನು ಮಾಡಸ್ತೇನಿ. ಬುಟ್ಟಿ ಹಿಂದಿನ ಖೋಲಿಯೊಳಗ ಇರಲಿ’ ಎಂದೆ. ದೊಡ್ಡಪ್ಪ ಬುಟ್ಟಿಗಳ ಕಡೆ ನೋಡಿದರು, ಒಲೆಯ ಮುಂದೆ ಕೂತಿದ್ದ ದೊಡ್ಡವ್ವನ ಕಡೆ ನೋಡಿದರು. ಆಮೇಲೆ ಮಾತಾಡಲಿಲ್ಲ. ಅವತ್ತೂ ಆಡಲಿಲ್ಲ, ಮರುದಿನವೂ ಆಡಲಿಲ್ಲ. ಹುಗ್ಗಿ ಒಂದನ್ನಾದರೂ ಇಟ್ಟುಕೊಳ್ಳಬೇಕೆಂದು ದೊಡ್ಡವ್ವ ಹಟ ಹಿಡಿದದ್ದರಿಂದ ಅದಕ್ಕೆ ಒಪ್ಪಿದೆ. ‘ಮಾವಾರು ಸಿಟ್ಟಾಗ್ಯಾರ. ಹೋಗಿ ಒಂದು ಮಾತು ಅನ್ರಿ’ ಎಂದು ಹೆಂಡತಿ ಎರಡು ಸಲ ಹೇಳಿದಳು. ಲೈಟಿಂಗ್ ಮುಗಿದ ಕೂಡಲೇ ಹೋಗುತ್ತೇನೆ ಎಂದು ಎರಡು ಸಲವೂ ಹೇಳಿದೆ.

ಲೈಟಿಂಗ್ ಮುಗಿಯುವಂಥದ್ದಾಗಿರಲಿಲ್ಲ. ಖಾಜಾಸಾಬ ಬೇವಿನ ಮರಕ್ಕೆ, ಬಾಗಿಲಿಗೆ, ಸ್ಟೇಜಿಗೆ ಎಲ್ಲ ಸಣ್ಣ ಬಲ್ಬಿನ ಸರ ಸುತ್ತಿದ್ದ. ಒಂದು ಬಲ್ಬು ಸತ್ತರೆ ಸರವೆಲ್ಲ ಸಾಯುತ್ತಿತ್ತು. ಸತ್ತದ್ದು ಯಾವುದೆಂದು ಒಂದೊಂದೇ ಬಿಚ್ಚಿ ನೋಡಬೇಕು. ರವಿವಾರ ಮುಂಜಾನೆಯಿಂದ ನಾನು ಅದನ್ನೇ ಮಾಡಿದೆ. ಬೀಗರು ಮಧ್ಯಾಹ್ನದೊಳಗೆ ಬಂದು, ಮುಖ ತೊಳೆದು, ಐದಕ್ಕೆ ಸರಿಯಾಗಿ ಸ್ಟೇಜ್ ಏರುತ್ತಾರೆಂಬುದು ನನ್ನ ಅಂದಾಜು. ಎರಡಾಯಿತು, ಮೂರಾಯಿತು, ನಾಲ್ಕಾಯಿತು, ಬೀಗರ ಸುಳಿವಿಲ್ಲ. ಐದಕ್ಕೆ ನಮ್ಮ ಕಡೆಯ ಮಂದಿ ಬಂದು ಕುರ್ಚಿಗಳಲ್ಲಿ ಕೂತು ಖಾಲಿ ಸಿಂಹಾಸನವನ್ನು ನೋಡತೊಡಗಿದರು. ಹೆಡ್‌ಮಾಸ್ತರರು ಗಡಿಯಾರ ನೋಡಿಕೊಂಡು, ‘ರಿಸೆಪ್ಷನ್ ಅಂದ್ರ ಇಷ್ಟೇನಾ?’ ಎಂದು ಕೇಳಿದರು. ಕಮಲಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ‘ಅಣ್ಣಾ, ಅವರು ಬರ್ತಾರಿಲ್ಲೋ?’ ಎಂದಳು. ಅವಳ ದನಿ ಕೇಳಿ ಕೈಯಲ್ಲಿದ್ದ ಬಲ್ಬಿನ ಸರ ಕೆಳಗಿಟ್ಟು ಮೊದಲ ಸಲ ಓಣಿಯ ತಿರುವಿನ ಕಡೆ ನೋಡಿದೆ. ಮದುವೆ ಮುರಿದ ಕತೆಗಳು ನಮ್ಮ ಸೀಮೆಯಲ್ಲಿ ಬಹಳ ಇವೆ, ಎಲ್ಲವೂ ಇಂಥ ಮೌನದಿಂದಲೇ ಸುರುವಾಗುತ್ತವೆ.

ಐದೂವರೆ ದಾಟಿದ ಮೇಲೆ ದೂರದಲ್ಲಿ ಬಾಜಾ ಕೇಳಿಸಿತು. ಓಣಿಯ ತಿರುವಿನಲ್ಲಿ ಮೊದಲು ಕಾಣಿಸಿದವರು ದೊಡ್ಡಪ್ಪ. ತಲೆಗೆ ರುಮಾಲು, ಹಣೆಗೆ ವಿಭೂತಿ, ಒಂದು ಕೈಯಲ್ಲಿ ಅವರ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಬೀಗರ ಕೈ. ಹಿಂದೆ ಎಪ್ಪತ್ತು ಮಂದಿ, ಅವರ ನಡುವೆ ವರ. ಬೀಗರ ಕೊರಳಲ್ಲಿ ಹೂವಿನ ಮಾಲೆ ಇತ್ತು, ಮುಖದ ತುಂಬ ನಗು ಇತ್ತು. ನಾನು ಓಡಿಹೋಗಿ ನಮಸ್ಕಾರ ಮಾಡಿದೆ.

‘ಮಾಸ್ತರ, ಪತ್ರದಾಗ ಬರ್ದಿದ್ದೆ ಅಲ್ರಿ, ಐದಕ್ಕ ರಿಸೆಪ್ಷನ್ ಅಂತ’ ಎಂದರು ಬೀಗರು. ‘ಬಸ್ಸು ಐದಕ್ಕ ಸರಿಯಾಗಿ ಬಸ್‌ಸ್ಟ್ಯಾಂಡಿಗೆ ಬಂತು. ನೀವು ಕಾಣಲಿಲ್ಲ. ಇದುರುಗೊಳ್ಳಾಕ ಯಾರೂ ಬರದ ಊರೊಳಗ ಹ್ಯಾಂಗ ಕಾಲಿಡೋದು, ತಿರುಗಿ ಹೋಗೂಣು ಅಂತ ನಮ್ಮವರು ಒಂದಿಬ್ಬರು ಗರಂ ಆಗಿದ್ರು. ಅಷ್ಟರಾಗ ಈ ಹಿರೇರು ಬಂದ್ರು. ಹೋಟೆಲಿನವರ ಕಡಿಂದ ಕೊಡ ನೀರು ತರಿಸಿ ತಾವ ಕಾಲಿಗಿ ಹಾಕಿದ್ರು, ಕಾಯಿ ಒಡಸಿದ್ರು, ಎಲ್ಲರಿಗಿ ಚಾ ಕುಡಿಸಿದ್ರು. ಲೈಟಿಂಗ್ ಗಡಿಬಿಡಿಯಾಗ ನೀವ ಅವರಿಗಿ ಕಳಿಸೀರಂತ. ನೀವು ಬರೋದಕ್ಕಿಂತ ಇದು ಛಲೋ ಆತು ಬಿಡ್ರಿ.’

ನಾನು ಯಾರನ್ನೂ ಎಲ್ಲಿಗೂ ಕಳಿಸಿರಲಿಲ್ಲ. ದೊಡ್ಡಪ್ಪನ ಮುಖ ನೋಡಿದೆ. ಅವರು ಬೇವಿನ ಮರ ನೋಡುತ್ತಿದ್ದರು. ಬೀಗರು ನಾಲ್ಕು ಹೆಜ್ಜೆ ಮುಂದೆ ಬಂದು ಸ್ಟೇಜು, ಸಿಂಹಾಸನ, ಬಲ್ಬಿನ ಸರ ಎಲ್ಲ ನೋಡಿ ದಂಗಾಗಿ, ‘ಇದೇನ್ರಿ ಇದು?’ ಎಂದರು.

‘ಇದೂ ರಿಸೆಪ್ಷನ್ ರೀ’ ಎಂದೆ. ಬೇರೆ ಏನು ಹೇಳಲಿ? ಹಿಂದಿನಿಂದ ನನ್ನ ಹೆಂಡತಿ ಕೆಮ್ಮಿದಳು.

ಮುಂದಿನದನ್ನು ಮಳೆಹುಳುಗಳು ನೋಡಿಕೊಂಡವು. ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದಿತ್ತು. ಕತ್ತಲಾಗುತ್ತಿದ್ದಂತೆ ವರನನ್ನೂ ಕಮಲಾಳನ್ನೂ ಸ್ಟೇಜಿನ ಮೇಲೆ ಕೂಡ್ರಿಸಿದೆ, ಖಾಜಾಸಾಬ ಸ್ವಿಚ್ಚು ಒತ್ತಿದ. ಎಲ್ಲ ಸರಗಳೂ ಒಮ್ಮೆಲೇ ಹತ್ತಿದವು. ಮಂದಿ ಹಾ ಎಂದು ಬಾಯಿ ತೆರೆದರು, ತಕ್ಷಣ ಮುಚ್ಚಿಕೊಂಡರು. ಹೊಲಗಳಲ್ಲಿದ್ದ ರೆಕ್ಕೆಯ ಹುಳುಗಳೆಲ್ಲ ನಮ್ಮ ರಿಸೆಪ್ಷನ್ನಿಗೆ ಬಂದಿದ್ದವು. ಪಲಾವಿನಲ್ಲಿ ಬಿದ್ದವು, ಜಾಮೂನಿನ ಪಾಕದಲ್ಲಿ ಬಿದ್ದವು, ವರನ ಕೋಟಿನೊಳಗೆ ಹೋದವು. ಕಮಲಾ ಹುಳು ಕೊಡವಲು ಹೋದಾಗ ಕೆಳಗಿನ ಕಲ್ಲು ಜಾರಿ ಅವಳ ಕುರ್ಚಿ ಅರ್ಧ ಸುತ್ತು ತಿರುಗಿತು. ನಾನು ಸ್ಟೇಜ್ ಹತ್ತಿ ಕುರ್ಚಿಯ ಕೆಳಗೆ ಕಲ್ಲು ಹುಡುಕತೊಡಗಿದೆ. ಆಗ ಮನೆಯೊಳಗಿನ ಎರಡು ದಿನದ ಮೌನ ಮುರಿದು ದೊಡ್ಡಪ್ಪನೇ ಮಾತಾಡಿದರು.

‘ಖಾಜಾ, ಬೇವಿನ ಗಿಡದ್ದು ಅಷ್ಟ ಇರಲಿ, ಉಳಿದದ್ದು ಆರಸು. ಹುಳ ಅಲ್ಲಿ ಹೋಗ್ತಾವ. ಹಿತ್ತಲದಾಗ ಜಮಖಾನ ಹಾಸು. ಎರಡು ಕಂದೀಲು ಸಾಕು.’

ಅಡುಗೆಯ ಪೈಕಿ ಮುಚ್ಚಿಟ್ಟಿದ್ದ ಹುಗ್ಗಿ, ಪಲ್ಯ ಮಾತ್ರ ಉಳಿದಿದ್ದವು. ಹಿಂದಿನ ಖೋಲಿಯಿಂದ ರೊಟ್ಟಿಯ ಬುಟ್ಟಿಗಳು ಹೊರಗೆ ಬಂದವು. ದೊಡ್ಡವ್ವ ಹಿಂಡಿಯ ಡಬ್ಬಿ ತೆಗೆದಳು. ಎಪ್ಪತ್ತು ಮಂದಿ ಬೀಗರು, ನಮ್ಮವರು, ಹೆಡ್‌ಮಾಸ್ತರರು ಎಲ್ಲ ಸಾಲಾಗಿ ಕೂತರು. ವರ ಕೋಟು ಕಳಚಿ ತನ್ನಪ್ಪನ ಪಕ್ಕದಲ್ಲಿ ಕೂತ. ಎರಡು ಕೈಯಿಂದ ರೊಟ್ಟಿ ಮುರಿಯುವ ಸಪ್ಪಳ ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಬೀಗರು ಐದನೆಯ ರೊಟ್ಟಿಗೆ ಕೈಚಾಚಿ, ‘ಅಫಜಲಪುರದಾಗ ಇಷ್ಟು ತೆಳ್ಳಗ ಯಾರೂ ಬಡಿಯೋದಿಲ್ರಿ’ ಎಂದರು. ದೊಡ್ಡವ್ವ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡು ಇನ್ನೆರಡು ಹಾಕಿದಳು.

ಎಲ್ಲರದೂ ಆದ ಮೇಲೆ ನನಗೆ ಹಸಿವಾದದ್ದು ನೆನಪಾಯಿತು. ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ರಿಸೆಪ್ಷನ್ ಊಟಕ್ಕೆಂದು ಹಾಕಿಸಿದ್ದ, ಯಾರೂ ಮುಟ್ಟದ ಉದ್ದನೆಯ ಮೇಜಿನ ಮೇಲೆ ತಾಟು ಇಟ್ಟುಕೊಂಡು ಉಣ್ಣತೊಡಗಿದೆ. ನಮ್ಮ ರಿಸೆಪ್ಷನ್ನಿನಲ್ಲಿ ನಿಂತು ಉಂಡವನು ನಾನೊಬ್ಬನೇ. ದೊಡ್ಡಪ್ಪ ತುಪ್ಪದ ಗಿಂಡಿ ಹಿಡಿದು ಬಂದು ನನ್ನ ತಾಟಿಗೆ ಸುರುವಿದರು.

‘ನೀವು ಬಸ್‌ಸ್ಟ್ಯಾಂಡಿಗೆ ಯಾಕ ಹೋಗಿದ್ರಿ?’ ಎಂದು ಕೇಳಿದೆ.

‘ಊರಿಗಿ ಹೋಗಬೇಕಂತ. ಅಕ್ಕಿಕಾಳಿಗಿ ನಾಳಿ ಮುಂಜಾನಿ ಬಂದ್ರಾತು ಅಂತ.’

‘ಬಸ್ ಇರಲಿಲ್ಲೇನು?’

‘ಮೂರಕ್ಕೊಂದು ಹೋತು. ನಾಕೂವರಿಗಿ ಇನ್ನೊಂದು ಹೋತು.’

‘ಮತ್ತ ಹತ್ತಲಿಲ್ಲ?’

ದೊಡ್ಡಪ್ಪ ಗಿಂಡಿಯೊಳಗೆ ಎಷ್ಟು ತುಪ್ಪ ಉಳಿದಿದೆ ಎಂದು ನೋಡಿದರು. ‘ಕರೀಲಾಕ ಯಾರರೆ ಬರ್ತಾರೇನೋ ಅಂತ ಕುಂತಿದ್ದೆ ತಮ್ಮಾ’ ಎಂದರು.

ಅವತ್ತು ನಾನು ಬಲ್ಬುಗಳನ್ನು ಮೂರು ಸಲ ಎಣಿಸಿದ್ದೆ, ಕುರ್ಚಿಗಳನ್ನು ಎರಡು ಸಲ. ಮಧ್ಯಾಹ್ನದಿಂದ ಮನೆಯಲ್ಲಿ ದೊಡ್ಡಪ್ಪ ಇಲ್ಲ ಎಂಬುದು ಅವರು ಓಣಿಯ ತಿರುವಿನಲ್ಲಿ ಕಾಣಿಸುವವರೆಗೆ ನನಗೆ ಗೊತ್ತೇ ಆಗಿರಲಿಲ್ಲ. ಕಣ್ಣೊಳಗೆ ನೀರು ಬಂದದ್ದನ್ನು ಅವರು ಕಂಡರು.

‘ಯಾಕೋ?’ ಎಂದರು.

‘ಭಾಳ ಖಾರ ಅದ’ ಎಂದೆ.

ಅವರು ನನ್ನ ತಾಟಿನ ಕಡೆ ನೋಡಿ, ಇನ್ನೊಂದಿಷ್ಟು ತುಪ್ಪ ಸುರುವಿದರು. ತಾಟಿನಲ್ಲಿ ಇದ್ದದ್ದು ಬರೀ ಬೆಲ್ಲದ ಹುಗ್ಗಿ.