ನಲವತ್ತು ಗ್ರಾಂ ಕೊರತೆ

ಮಗು ಹುಟ್ಟಿ ಹನ್ನೊಂದನೇ ದಿನ. ತೂಕದಣ್ಣ ಇನ್ನೂ ಹಲ್ಲುಜ್ಜುತ್ತಿದ್ದ, ಎದುರುಮನೆ ದೊಡ್ಡಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಗಂಟೆಗೊಂದ್ಸಲ ಅಳುತ್ತಲ್ಲೋ ನಿನ್ನ ಮಗು! ತಾಯಿಗೆ ಹಾಲು ಸಾಲ್ತಿಲ್ಲ, ಬರೆದಿಟ್ಕೋ."

ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವನ ಕಸುಬು. ಬೀದಿಯವರು ಅದಕ್ಕೇ ಆ ಹೆಸರಿಟ್ಟಿದ್ದರು. ಬಾಯ್ತುಂಬ ನೊರೆ ಇದ್ದದ್ದರಿಂದ ಪಾಪ, ಉತ್ತರ ಕೊಡಲಾಗಲಿಲ್ಲ. ಅವನ ಅಮ್ಮ ಒಳಗಿಂದಲೇ ಕೊಟ್ಟಳು: "ನಾನೂ ಅದನ್ನೇ ಬಡ್ಕೋತಿದೀನಿ. ಡಬ್ಬಿ ಹಾಲು ತಾರೋ ಅಂದ್ರೆ ಕೇಳ್ತಾನಾ?"

ಕೋಣೆಯಲ್ಲಿ ಹೆಂಡತಿ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. "ರೀ, ನಿಜವಾಗ್ಲೂ ಸಾಲ್ತಿಲ್ವಾ?" ಎಂದಳು. ಇನ್ನೂ ಒಬ್ಬರು ಹೀಗೆ ಅಂದರೆ ಇವಳು ಹಾಲೂಡಿಸುವುದನ್ನೇ ಬಿಟ್ಟುಬಿಡುತ್ತಾಳೆ ಎಂದು ತೂಕದಣ್ಣನಿಗೆ ಸಂಕಟವಾಯಿತು.

"ಸುಮ್ನೆ ಯಾಕೆ ಮಾತು? ತೂಗಿಬಿಡೋಣ," ಎಂದ.

ತನ್ನ ರಿಪೇರಿ ಅಂಗಡಿಯಿಂದ ಇದ್ದುದರಲ್ಲೇ ನಾಜೂಕಾದ ತಕ್ಕಡಿ ಹೊತ್ತು ತಂದ. ಹಾಲು ಕುಡಿಸುವ ಮೊದಲು ಮಗು ಮೂರು ಕಿಲೋ ನಾನೂರ ಹತ್ತು ಗ್ರಾಂ. ಹೆಂಡತಿ ಅರ್ಧ ಗಂಟೆ ಕುಡಿಸಿದಳು, ಬಟ್ಟೆ ಬದಲಾಯಿಸಿದಳು, ಉಸಿರು ಬಿಗಿಹಿಡಿದು ಮಗುವನ್ನು ಅವನ ಕೈಗಿಟ್ಟಳು. ಅಷ್ಟರಲ್ಲಿ ಕಿಟಕಿ ತುಂಬ ತಲೆಗಳು.

ಮೂರು ಕಿಲೋ ಮುನ್ನೂರ ಎಪ್ಪತ್ತು!

"ನಲವತ್ತು ಗ್ರಾಂ ಇಳೀತಲ್ಲೋ!" ದೊಡ್ಡಮ್ಮ ಕಿಟಕಿಯಿಂದಲೇ ತೀರ್ಪು ಕೊಟ್ಟಳು. "ಬರೀ ನೀರು ಕಣೋ ಆ ಹಾಲು. ಕುಡಿದಷ್ಟೂ ಮಗು ಕರಗುತ್ತೆ!"

ತೂಕದಣ್ಣ ತೂಕದ ಬಟ್ಟುಗಳನ್ನಿಟ್ಟು ಎರಡೆರಡು ಸಲ ಪರೀಕ್ಷಿಸಿದ. ತಕ್ಕಡಿ ಸರಿಯಾಗೇ ಇತ್ತು. ಹೆಂಡತಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಗೋಡೆಗೆ ಮುಖಮಾಡಿ, ಸದ್ದಿಲ್ಲದೆ ಅಳತೊಡಗಿದಳು. ಅದನ್ನು ನೋಡಲಾಗದೆ ಅವನು ಔಷಧಿ ಅಂಗಡಿಗೆ ಓಡಿದ.

ಡಬ್ಬಿ ಹಿಡಿದು ಬರುವಷ್ಟರಲ್ಲಿ, ಬಾಣಂತಿಯರನ್ನು ನೋಡಲು ಮನೆಮನೆಗೆ ಬರುವ ನರ್ಸಮ್ಮ ಕೋಣೆಯಲ್ಲಿ ಕೂತಿದ್ದಳು. ನಡೆದದ್ದೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಬಟ್ಟೆ ಯಾವಾಗ ಬದಲಾಯಿಸಿದ್ರಿ?"

"ಹಾಲು ಕುಡಿಸಿದ್ಮೇಲೆ," ಎಂದ ತೂಕದಣ್ಣ. "ರಾತ್ರಿಯಿಂದ ಅದೇ ಬಟ್ಟೆ, ಪೂರ್ತಿ ಒದ್ದೆಯಾಗಿತ್ತು."

"ಅಂದ್ರೆ ಮೊದಲು ಒದ್ದೆ ಬಟ್ಟೇಲಿ ತೂಗಿದ್ರಿ, ಆಮೇಲೆ ಒಣ ಬಟ್ಟೇಲಿ. ನೀವು ಹಾಲು ತೂಗಿಲ್ಲ ಸ್ವಾಮಿ, ಉಚ್ಚೆ ತೂಗಿದೀರಿ!"

ಆಮೇಲೆ ಹೆಂಡತಿಯ ಕಡೆ ತಿರುಗಿ, "ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತಮ್ಮಾ?" ಎಂದಳು.

"ಎಂಟಾದ್ರೂ ಆಗುತ್ತೆ."

"ಹೊಟ್ಟೆಗೆ ಹೋಗದೆ ಅಷ್ಟು ಹೊರಗೆ ಬರುತ್ತಾ? ಈ ವಯಸ್ಸಲ್ಲಿ ಪದೇಪದೇ ಕುಡಿಯೋದೇ ಮಕ್ಕಳ ಕೆಲಸ. ಚೀಪಿದಷ್ಟೂ ಹಾಲು ಬರುತ್ತೆ. ಡಬ್ಬಿ ಶುರು ಮಾಡಿದ್ರೆ ಚೀಪೋದು ಕಮ್ಮಿ, ಹಾಲೂ ಕಮ್ಮಿ. ರೋಗ ತಡೆಯೋಕೆ ನಿನ್ನ ಹಾಲಲ್ಲಿರೋದು ಯಾವ ಡಬ್ಬೀಲೂ ಸಿಗಲ್ಲ. ಆರು ತಿಂಗಳು ಮಗೂಗೆ ಅದೊಂದೇ ಸಾಕು."

ದೊಡ್ಡಮ್ಮನ ತಲೆ ಕಿಟಕಿಯಿಂದ ಮಾಯವಾಯಿತು. ಹೆಂಡತಿ ಮಗುವನ್ನು ಅತ್ತೆಯಿಂದ ಕಿತ್ತುಕೊಂಡಂತೆ ತೆಗೆದುಕೊಂಡಳು. ತೂಕದಣ್ಣ ಇನ್ನೇನು ನಗಬೇಕು, ಅಮ್ಮ ನೆಲದ ಮೇಲೆ ಕುಸಿದು ಕೂತಳು.

"ಒದ್ದೆ ಬಟ್ಟೆನಾ?" ಎಂದಳು. "ನಿನಗೆ ಹದಿನೈದು ದಿನ ಆದಾಗ ನಿಮ್ಮಪ್ಪನೂ ಹೀಗೇ ತೂಗಿದ್ರು ಕಣೋ. ತೂಕ ಇಳೀತು ಅಂದ್ರು, ಡಬ್ಬಿ ಹಾಲು ಶುರು ಮಾಡಿದ್ರು. ಹಾಲು ತುಂಬಿ ನನ್ನ ಎದೆ ಕಟ್ಟಿ ಜ್ವರ ಬಂತು, ಆದ್ರೂ ನಿನಗೆ ಕುಡಿಸೋಕೆ ಬಿಡ್ಲಿಲ್ಲ. ಮೂವತ್ತೊಂದು ವರ್ಷ ನನ್ನ ಹಾಲಲ್ಲೇ ಸತ್ವ ಇಲ್ಲ ಅಂತ ನಂಬ್ಕೊಂಡಿದ್ನಲ್ಲೋ!"

ಅವಳು ಬಿಕ್ಕಿಬಿಕ್ಕಿ ಅತ್ತಳು. ಸೊಸೆ ಮಗುವಿನೊಂದಿಗೇ ಮಂಚದಿಂದ ಕೆಳಗಿಳಿದು ಬಂದು ಅತ್ತೆಯ ಪಕ್ಕ ಕೂತಳು. ತೂಕದಣ್ಣನ ಕಣ್ಣೂ ತುಂಬಿ ಬಂತು.

"ಅಮ್ಮಾ..." ಎಂದು ಬಗ್ಗಿದ.

ಅಮ್ಮ ತಲೆಯೆತ್ತಿದಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಅವರ ಪಾಲಿನ ಸಿಟ್ಟನ್ನು ತೆಗೆದುಕೊಳ್ಳಲು ಮನೆಯಲ್ಲಿ ಉಳಿದ ಗಂಡಸು ಇವನೊಬ್ಬನೇ.

"ಏಳೋ, ಆಚೆ ನಡಿ! ಇನ್ನು ಮೂರು ತಿಂಗಳು ಈ ಕೋಣೆ ಹೊಸ್ತಿಲು ತುಳಿದ್ರೆ ನೋಡು!"

ಅವನು ಆಸೆಯಿಂದ ಹೆಂಡತಿಯ ಮುಖ ನೋಡಿದ. ಅವಳು ಮಗುವನ್ನು ಎದೆಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಅಂದಳು:

"ಮೂರು ಸಾಲದು ಅತ್ತೆ. ಆರು ತಿಂಗಳು ಅನ್ನಿ."